ಕಾಂತಮ್ಮ ಉಂಡ ತಟ್ಟೆ

“ನೀನು ಇಲ್ಲಿ ಉಂಡ್ರೆ ಬತ್ತೀನಿ. ಇಲ್ಲಾಂದ್ರೆ ನಾಲ್ಕು ಗಂಟೆ ರೈಲಿಗೆ ನೀನೊಬ್ಳೇ ಹೋಗವ್ವ,” ಎಂದ ಜಯದೇವ, ತಾಯಿಯ ಮುಖ ನೋಡದೆ ಬೆಂಚು ಒರೆಸುತ್ತ.

ಕಡೂರು ಸ್ಟೇಷನ್ ಎದುರಿನ ಆ ತಗಡಿನ ಹೋಟೆಲಿಗೆ ಕಾಂತಮ್ಮ ಕಾಲಿಟ್ಟದ್ದು ಅದೇ ಮೊದಲು. ಮೀನಿನ ವಾಸನೆಗೆ ಮೂಗಿಗೆ ಸೆರಗು ಒತ್ತಿಕೊಂಡೇ ಬಂದಿದ್ದಳು. ಮಗನ ಮುಂದೆ ನಿಂತ ಮೇಲೆ ಕೈ ತಾನಾಗಿ ಇಳಿದಿತ್ತು. ಅಜ್ಜಂಪುರದಲ್ಲಿ ಗಂಡ ತೀರ್ಥಪ್ಪ ಎರಡು ದಿನದಿಂದ ನೀರೂ ನುಂಗಿರಲಿಲ್ಲ. ಬಾಗಿಲು ಸದ್ದಾದರೆ ಸಾಕು, ಕಣ್ಣು ಅತ್ತ ಹೊರಳುತ್ತಿತ್ತು. “ಬಂದ್ನಾ?” ಅಷ್ಟೇ ಮಾತು. ಈ ರಾತ್ರಿ ದಾಟಿದರೆ ಹೆಚ್ಚು ಎಂದಿದ್ದರು ಡಾಕ್ಟರು.

“ಉಸ್ರು ಹಿಡ್ಕೊಂಡು ಕಾಯ್ತಾ ಅವ್ರೆ ಕಣೋ. ಸಿಟ್ಟಿದ್ರೆ ನನ್ನ ಆಮೇಲೆ ಬಯ್ಕೋ.”

“ಅವತ್ತು ಇವ್ಳು ಉಂಡ ತಟ್ಟೇನ ಅಪ್ಪ ತಿಪ್ಪೆಗೆ ಎಸ್ದಾಗ ನೀನೆಲ್ಲಿದ್ದೆ?” ಜಯದೇವ ಹೆಂಡತಿಯ ಕಡೆ ಕೈ ತೋರಿದ.

ಅಲ್ಲೇ ಇದ್ದಳು. ಅಡುಗೆಮನೆ ಬಾಗಿಲಲ್ಲಿ, ಕೈಯಲ್ಲಿ ಸಾರಿನ ಸೌಟು ಹಿಡಿದು. ಐದು ವರ್ಷದ ಹಿಂದಿನ ಮಾತು. ಮಂಗಳೂರಿನ ಹೋಟೆಲೊಂದರಲ್ಲಿ ಅಡುಗೆಗಿದ್ದ ಮಗ, ಅದರ ಹಿತ್ತಿಲ ಬಾಗಿಲಿಗೆ ಮೀನು ತರುತ್ತಿದ್ದ ಜಲಜಾಕ್ಷಿಯನ್ನು ಕಟ್ಟಿಕೊಂಡು ಬಂದಿದ್ದ. ಇಬ್ಬರಿಗೂ ಜಗಲಿಯ ಮೇಲೇ ಬಡಿಸಿದ್ದರು. “ಇವ್ಳ ಕೈಯಡಿಗೆ ನಮ್ಮನೇರು ಉಂಡ ದಿನವೇ ಈ ಹೊಸ್ತಿಲು ತುಳಿಯಾದು,” ಎಂದು ಎದ್ದುಹೋದ ಜಯದೇವ ಮತ್ತೆ ಬಂದಿರಲಿಲ್ಲ.

ಸೀಮೆಎಣ್ಣೆ ಸ್ಟೌ ಮುಂದಿದ್ದ ಜಲಜಾಕ್ಷಿ ಬೆವರು ಒರೆಸಿಕೊಂಡು ತಿರುಗಿದಳು. “ಅತ್ತೇ, ಬರೇ ಕ್ಯಾಬೇಜು ಹಾಕಿ ನೂಡಲ್ಸ್ ಮಾಡ್ತೇನೆ. ಬೇರೆ ಬಾಣಲೆ ಉಂಟು.”

“ಬ್ಯಾಡ,” ಎಂದ ಜಯದೇವ. “ಗಿರಾಕಿಗೆ ಹಾಕಾದ್ನೇ ಹಾಕು.”

“ಎಂಥ ಮಾರಾಯ್ರೆ ನೀವು! ಇದು ಊಟವಾ, ಪಂಥವಾ?”

ಕಾಂತಮ್ಮ ಗೋಡೆ ಗಡಿಯಾರ ನೋಡಿದಳು. ಮೂರೂಕಾಲು.

“ಹಾಕಮ್ಮಾ. ಅವ್ನು ಹೇಳ್ದಂಗೇ ಹಾಕು. ಬೇಗ.”

ಮಂಗಳೂರು ಬಸ್ಸಿನಲ್ಲಿ ಮಂಜುಗಡ್ಡೆಯ ಡಬ್ಬದೊಳಗೆ ಬಂದಿದ್ದ ಸೀಗಡಿ ಕಾದ ಬಾಣಲೆಗೆ ಬಿದ್ದು ಚುರ್ರೆಂದಿತು, ಮುದುರಿ ಕೆಂಪಗಾಯಿತು. ಅದರ ಮೇಲೆ ಬೆಂದ ನೂಡಲ್ಸು, ಕಪ್ಪು ಸಾಸು. ಜಲಜಾಕ್ಷಿ ಬಾಣಲೆಯನ್ನು ಎತ್ತೆತ್ತಿ ಒಗೆದು ಹಿಡಿದಾಗಲೆಲ್ಲ ಬೆಂಕಿ ಅಂಚು ದಾಟಿ ಒಳಗೆ ಹಣಕಿತು.

ಪಕ್ಕದ ಬೆಂಚಿನಲ್ಲಿದ್ದ, ಜಟಕಾ ಹೊಡೆಯುವ ಕರೀಂ ಸಾಬ್ ಗಂಟಲು ಸರಿಮಾಡಿಕೊಂಡ. “ಶಾವ್ಗೆ ಅಂತ ತಿಳ್ಕೊಂಡು ನುಂಗ್ಬಿಡಿ ಅಮ್ಮಾ. ನಾನೂ ಮೊದ್ಲು ಎರೆಹುಳ ಅಂದ್ಕೊಂಡು ಓಡೋಗಿದ್ದೆ.”

ತಟ್ಟೆ ಬಂತು. ಉಣ್ಣುವ ಮುಂಚೆ ದಿನವೂ ಹೋಗುವಂತೆ ಕಾಂತಮ್ಮನ ಕೈ ಕೊರಳಿನ ಲಿಂಗದ ಕರಡಿಗೆಗೆ ಹೋಯಿತು, ಅಲ್ಲೇ ನಿಂತಿತು. ಆಮೇಲೆ ಅದನ್ನು ಮೆಲ್ಲಗೆ ಬೆನ್ನ ಕಡೆ ಸರಿಸಿ, ಮೇಲೆ ಸೆರಗು ಹೊದ್ದಳು.

ಮೊದಲ ತುತ್ತು ಬೆರಳಿನಿಂದಲೇ ಜಾರಿತು. ಎರಡನೆಯದು ಒಳಗೆ ಹೋಯಿತು. ಸೀಗಡಿ ಹಲ್ಲಿಗೆ ಸಿಕ್ಕಿ ಮೆತ್ತಗೆ ಒಡೆದಾಗ ಗಂಟಲು ಮೇಲಕ್ಕೆ ನೂಕಿತು. ನೀರು ಕುಡಿದು ಕೆಳಕ್ಕೆ ತಳ್ಳಿದಳು. ಕಣ್ಣಿನಿಂದ ಸುರಿದದ್ದು ತಟ್ಟೆಗೇ ಬೀಳುತ್ತಿತ್ತು.

“ಸಾಕು ಬಿಡವ್ವ,” ಎಂದ ಜಯದೇವ.

ಅವಳು ಕೇಳಲಿಲ್ಲ. ಕೊನೆಯ ಎಳೆಯವರೆಗೂ ಉಂಡಳು. ಆಮೇಲೆ ಐವತ್ತು ವರ್ಷ ಪ್ರತಿ ಊಟದ ಕೊನೆಗೆ ಮಾಡಿದ್ದನ್ನೇ ಕೈ ಮಾಡಿತು. ಪ್ರಸಾದದ ಒಂದಗುಳೂ ಪೋಲಾಗಬಾರದೆಂದು ಲೋಟದ ನೀರನ್ನು ತಟ್ಟೆಗೆ ಬಗ್ಗಿಸಿ, ಬೆರಳಿನಿಂದ ಸುತ್ತ ಬಳಿದು, ಎರಡೂ ಕೈಯಲ್ಲಿ ಎತ್ತಿ ಆ ಕಂದು ನೀರನ್ನು ಕುಡಿದುಬಿಟ್ಟಳು. ಕುಡಿದ ಮೇಲೆಯೇ ತಾನು ಮಾಡಿದ್ದೇನೆಂದು ಗೊತ್ತಾಗಿ, ತಟ್ಟೆಯನ್ನು ಹಾಗೇ ಹಿಡಿದು ಕೂತಳು.

ಜಯದೇವನ ಕೈಯ ಬಟ್ಟೆ ಕೆಳಗೆ ಬಿತ್ತು. ಜಲಜಾಕ್ಷಿ ಸ್ಟೌ ಆರಿಸಿದಳು.

“ನೀನೂ ನಡಿಯಮ್ಮಾ,” ಎಂದಳು ಕಾಂತಮ್ಮ, ಸೊಸೆಗೆ.

“ಹೋಟ್ಲು ನಾನು ನೋಡ್ಕತ್ತೀನಿ, ಓಡ್ರಿ!” ಎಂದ ಕರೀಂ ಸಾಬ್.

ಸಿಗ್ನಲ್ ಬಿದ್ದಿತ್ತು. ಕಾಂತಮ್ಮ ಎಲ್ಲರಿಗಿಂತ ಮುಂದೆ ಓಡುತ್ತಿದ್ದಳು. ಸೆರಗು ಜಾರಿ, ಬೆನ್ನ ಮೇಲೆ ಬೆಳ್ಳಿಯ ಕರಡಿಗೆ ಹೆಜ್ಜೆಗೊಂದು ಸಲ ಬಡಿಯುತ್ತಿತ್ತು. ಹಿಂದಿದ್ದ ಜಯದೇವ ಒಮ್ಮೆ ಅದರತ್ತ ಕೈ ಚಾಚಿದ, ಮುಟ್ಟದೆ ಹಿಂದೆಗೆದುಕೊಂಡ.