ಮೂರು ಗಾಲಿಗೊಂದು ಗಾಜು

"ಕಸ ಎತ್ತೋ ಮುಖಕ್ಕೆ ಗಾಜು ಬೇರೆ ಕೇಡು" ಎಂದ ಧಣಿ. ಅಂದವನು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ, ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದನ್ನು ಕಡ್ಡಿಯಿಂದ ಕೆದಕುತ್ತಿದ್ದ.

ನಾವು ಮೂವರು ಹೆಂಗಸರು ಅವನ ಮುಂದೆ ನಿಂತಿದ್ದೆವು. ಗಾಡಿ ಓಡಿಸುವ ಅತ್ತಿಗೆ, ಅಂದರೆ ನನ್ನ ಅಣ್ಣನ ಹೆಂಡತಿ. ಬೀದಿಗೆ ಎಲ್ಲರಿಗಿಂತ ಮೊದಲು ಕಾಲಿಟ್ಟು ಕಸ ತನ್ನಿ ಎಂದು ಕೂಗುವ ಚಿಕ್ಕಮ್ಮ. ಅವಳ ಗಂಟಲಿಗೆ ಹೆದರಿ ಊರಿನವರೇ ಸೈರನ್ ಎಂದು ಹೆಸರಿಟ್ಟಿದ್ದಾರೆ. ಇನ್ನು ನಾನು, ಗಾಡಿಯ ಹಿಂಭಾಗದಲ್ಲಿ ನಿಂತು ಹಸಿ ಕಸ, ಒಣ ಕಸ ಬೇರೆ ಮಾಡುವವಳು. ಗಾಡಿಗೆ ಮೂರು ಗಾಲಿ, ನೆತ್ತಿಗೊಂದು ಹರಕು ತಾಡಪಾಲು, ಮುಂದೆ ಬರೀ ಚೌಕಟ್ಟು. ಧಣಿ ಅದನ್ನು ಯಾರ ಹತ್ತಿರ ಕೊಂಡನೋ, ಗಾಜು ಮಾತ್ರ ಅವರ ಹತ್ತಿರವೇ ಉಳಿದುಹೋಗಿತ್ತು.

ಅತ್ತಿಗೆ ತಗ್ಗಿದ ದನಿಯಲ್ಲೇ ಇನ್ನೊಮ್ಮೆ ಹೇಳಿದಳು. ಬಲಗಣ್ಣಿಗೆ ಗಾಯವಾಗಿದೆ, ಇನ್ನೊಮ್ಮೆ ಅಲ್ಲಿ ಕಸ ಕಡ್ಡಿ ಹೊಕ್ಕರೆ ಕಣ್ಣು ಹೋದಂತೆಯೇ ಎಂದು ಡಾಕ್ಟರು ಅಂದಿದ್ದಾರೆ, ಮುಂದೆ ಒಂದು ಅಡ್ಡ ಇದ್ದರೆ ಸಾಕು ಎಂದಳು.

"ಕಣ್ಣು ನೋಯ್ತಾ ಇದ್ರೆ ಮನೇಲಿ ಬಿದ್ಕೊ. ನನ್ನ ಭಾಮೈದ ಖಾಲಿ ಕೂತಿದಾನೆ. ಸ್ಟೇರಿಂಗು ಹಿಡಿಯೋಕೆ ಅವನಿಗೂ ಎರಡು ಕೈ ಇದೆ" ಎಂದು ಕಡ್ಡಿ ಬಿಸಾಡಿದ. ಅದು ಚಿಕ್ಕಮ್ಮನ ಪಾದದ ಹತ್ತಿರ ಬಿತ್ತು. ಕಸವೆಂದ ಮೇಲೆ ನಮ್ಮ ಕಡೆಗೇ ಬೀಳಬೇಕಲ್ಲ.

ಆ ಭಾಮೈದನನ್ನು ನಾವು ನೋಡಿದ್ದೇವೆ. ಮಧ್ಯಾಹ್ನದವರೆಗೂ ಗೊರಕೆ, ಆಮೇಲೆ ಬಾಯಿ ತುಂಬ ಬೈಗುಳ. ಅವನು ಬಂದನೆಂದರೆ ಅತ್ತಿಗೆಯ ಕೆಲಸ ಹೋಯಿತು, ಅದರ ಬೆನ್ನಿಗೇ ನಮ್ಮಿಬ್ಬರದೂ. ಅತ್ತಿಗೆ ಸ್ಟೇರಿಂಗು ಕಲಿಯಲು ಪಟ್ಟ ಪಾಡು ನನಗೆ ಗೊತ್ತು. ಮನೆಯಲ್ಲಿ ಅಡುಗೆ ಮಾಡುತ್ತಲೇ ಎಡಗಾಲಿನಲ್ಲಿ ಇಲ್ಲದ ಕ್ಲಚ್ಚು ಒತ್ತುತ್ತಿದ್ದಳು. ಆ ಕೆಲಸ ಅವಳ ಕೈಬಿಡಬಾರದು ಎಂದು ನನ್ನ ಹಟ.

ಕಣ್ಣಿಗೆ ಗಾಯವಾದದ್ದು ಹೀಗೆ. ಡೀಸೆಲ್ ಉಳಿಯಲಿ ಎಂದು ಧಣಿಯ ಕಟ್ಟಪ್ಪಣೆ: ಬೀದಿಯ ಮೂಲೆಯಲ್ಲಿ ಬಿಟ್ಟು ನಡುವೆ ಎಲ್ಲೂ ಗಾಡಿ ನಿಲ್ಲಿಸಬಾರದು. ಗಾಡಿ ಉರುಳುತ್ತಲೇ ಇರುತ್ತದೆ, ಕೆಳಗಿನ ಮನೆಯವರು ಓಡಿಬಂದು ಕೊಡುತ್ತಾರೆ, ಮೇಲಿನ ಮಹಡಿಯವರು ಎಸೆಯುತ್ತಾರೆ. ಎಸೆಯುವುದರಲ್ಲಿ ಅವರದೂ ಒಂದು ಲೆಕ್ಕಾಚಾರ ಇದೆ. ಗಾಡಿಯ ಮೂತಿ ಗೇಟಿಗೆ ಬಂದ ಕೂಡಲೇ ಎಸೆದರೆ, ಚೀಲ ಬೀಳುವ ಹೊತ್ತಿಗೆ ಗಾಡಿ ಮುಂದೆ ಹೋಗಿ, ಅದು ಸರಿಯಾಗಿ ಡಬ್ಬದೊಳಗೆ ಬೀಳುತ್ತದೆ. ಲೆಕ್ಕವೇನೋ ಸರಿ. ಆದರೆ ಕೈ ಸ್ವಲ್ಪ ಮೊದಲೇ ಬಿಟ್ಟರೆ ನಡುವೆ ಅತ್ತಿಗೆಯ ಮುಖ ಇರುತ್ತದೆ. ಅವತ್ತು ಚೀಲದಲ್ಲಿ ಒಡೆದ ಲೋಟವಿತ್ತು. ಎಸೆದವಳು ಬಾಲ್ಕನಿಯಿಂದ ಬಗ್ಗಿ, ಸ್ವಲ್ಪ ನೋಡಿಕೊಂಡು ಓಡಿಸಬಾರದಾ ಎಂದು ಅತ್ತಿಗೆಯನ್ನೇ ಬೈದಳು.

ಧಣಿ ಕೊಡದಿದ್ದರೆ ನಾವೇ ಹಾಕಿಸೋಣ ಎಂದು ಮೂವರೂ ತೀರ್ಮಾನಿಸಿದೆವು. ಗುಜರಿಗೆ ಬಾಟಲಿ, ರಟ್ಟು ಮಾರಿ ಕೂಡಿಟ್ಟದ್ದು ಸ್ವಲ್ಪ ಇತ್ತು. ಮೊದಲ ಸಲ ಗಾಜಿನ ಅಂಗಡಿಯವನು ತೋರಿಸಿದ ಅಗ್ಗದ ಪ್ಲಾಸ್ಟಿಕ್ ಹಾಳೆಯನ್ನೇ ತಂದೆವು. ನೀರಿನಂತೆ ತಿಳಿಯಾಗಿತ್ತು. ಅತ್ತಿಗೆ ಅದರ ಹಿಂದೆ ಕೂತಾಗ ಮದುಮಗಳಂತೆ ಕಂಡಳು. ಎರಡನೇ ದಿನ ಯಾರೋ ಎಸೆದ ಜಿಡ್ಡು ಅದರ ಮೇಲೆ ಬಿತ್ತು. ಚಿಕ್ಕಮ್ಮ ಬಿಡುತ್ತಾಳೆಯೇ. ಕಸದ ಡಬ್ಬ ತೊಳೆಯುವ ತೆಂಗಿನ ನಾರು, ಅದೇ ಒರಟು ಪುಡಿ ತಂದು, ಸೀರೆ ಮೇಲಕ್ಕೆ ಸಿಕ್ಕಿಸಿ, ತೋಳಿನ ಶಕ್ತಿಯೆಲ್ಲ ಹಾಕಿ ತಿಕ್ಕಿದಳು. ನಮ್ಮ ಕೈಗೆ ತಿಳಿದದ್ದು ಅದೊಂದೇ ರೀತಿ. ಏನೇ ಇದ್ದರೂ ಗೀಚಿ ಗೀಚಿ ತೊಳೆಯುವುದು. ಜಿಡ್ಡು ಹೋಯಿತು. ಜೊತೆಗೆ ಮುಂದಿನ ರಸ್ತೆಯೂ ಹೋಯಿತು. ಹಾಳೆಯೆಲ್ಲ ಗೀರು ಗೀರಾಗಿ ಮಂಜು ಕವಿದಂತಾಗಿತ್ತು.

ಮರುದಿನ ಎದುರು ಬಿಸಿಲಿಗೆ ಅತ್ತಿಗೆಗೆ ಏನೂ ಕಾಣದೆ, ನಿಂತಿದ್ದ ಸೋಫಾ ಸಾಗಿಸುವ ಗಾಡಿಗೆ ಮೆಲ್ಲಗೆ ಹೋಗಿ ಮೂತಿ ತಾಗಿಸಿದಳು. ಸೋಫಾದ ಮೇಲೆ ಮಲಗಿದ್ದ ಕೂಲಿಯವನು ಎದ್ದು ಕೂತು, ಬಂದ್ರಾ, ಕೂತ್ಕೊಳ್ಳಿ ಎಂದ. ನಾವು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. ಚಿಕ್ಕಮ್ಮ ಮಾತ್ರ ಎರಡು ದಿನ ಮುಖ ಊದಿಸಿಕೊಂಡಿದ್ದಳು. ತಾನು ತಿಕ್ಕಿದ್ದು ತಪ್ಪು ಎಂದು ಅವಳನ್ನು ಒಪ್ಪಿಸುವಷ್ಟರಲ್ಲಿ ನನ್ನ ಗಂಟಲು ಒಣಗಿತು. ಅವಳ ಪ್ರಕಾರ, ತಿಕ್ಕಿದರೆ ಹಾಳಾಗುವ ವಸ್ತುವನ್ನು ಮಾಡಿದವನದೇ ತಪ್ಪು.

ಯೋಚಿಸಿದರೆ ಅವಳು ಹೇಳಿದ್ದರಲ್ಲೂ ಸತ್ಯವಿತ್ತು. ನಮ್ಮ ಗಾಜು ನಮ್ಮ ಬೀದಿಯನ್ನೂ ತಡೆದುಕೊಳ್ಳಬೇಕು, ನಮ್ಮ ಚಿಕ್ಕಮ್ಮನನ್ನೂ ತಡೆದುಕೊಳ್ಳಬೇಕು. ಆದ್ದರಿಂದ ಎರಡನೇ ಸಲ ಅಂಗಡಿಗೆ ಹೋಗುವಾಗ ಒಂದು ಗೋಣಿಚೀಲ ಕಟ್ಟಿಕೊಂಡೆವು. ಅದರಲ್ಲಿ ಅವತ್ತು ಬೆಳಗ್ಗೆ ನಮ್ಮ ಮೇಲೆ ಬಿದ್ದದ್ದನ್ನೆಲ್ಲ ಜೋಪಾನವಾಗಿ ತುಂಬಿದ್ದೆವು. ಬಾಯಿ ಒಡೆದ ಹೂಕುಂಡ, ಅರ್ಧ ತುಂಬಿದ ಬಾಟಲಿ, ಕೂಸಿನ ಚಡ್ಡಿ, ಹಿಡಿ ಮುರಿದ ಇಸ್ತ್ರಿಪೆಟ್ಟಿಗೆ. ಚಿಕ್ಕಮ್ಮ ತನ್ನ ನಾರು, ಪುಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅಂಗಡಿಯವನು ನಮ್ಮನ್ನು ಕಂಡದ್ದೇ ಮೂಗಿಗೆ ಕರವಸ್ತ್ರ ಹಿಡಿದ. "ಅಲ್ಲೇ ನಿಲ್ರಿ, ಮೆಟ್ಟಿಲು ಹತ್ತಬೇಡಿ. ಗಿರಾಕಿಗಳು ಬರ್ತಾರೆ."

"ನಾವೇನು ಭಿಕ್ಷುಕರಾ?" ಎಂದಳು ಚಿಕ್ಕಮ್ಮ. ಆ ದನಿಗೆ ಎದುರಿನ ಅಂಗಡಿಯವರೂ ಹೊರಗೆ ಬಂದರು. ಅಂಗಡಿಯವನು ಮೆತ್ತಗಾಗಿ ಏನು ಬೇಕು ಎಂದು ಕೇಳಿದ. ಬಾಳಿಕೆ ಬರುವಂಥ ಗಾಜು ಬೇಕು ಎಂದಳು ಅತ್ತಿಗೆ. ಅವನು ಒಳಗಿನಿಂದಲೇ ಒಂದೊಂದಾಗಿ ಹೊಗಳತೊಡಗಿದ. ಕೊನೆಗೆ ಒಂದು ದಪ್ಪ ಹಾಳೆ ಎತ್ತಿ, ಇದು ಪಾಲಿಕಾರ್ಬೊನೇಟು, ಆನೆ ತುಳಿದರೂ ಒಡೆಯುವುದಿಲ್ಲ ಎಂದ.

"ಆನೆ ಬೇಡಪ್ಪ. ನಮ್ಮ ಬೀದಿ ಜನ ತುಳಿದ್ರೆ ಒಡೆಯುತ್ತಾ ಹೇಳು" ಎಂದು ಚಿಕ್ಕಮ್ಮ ಗೋಣಿಚೀಲ ಸುರುವಿದಳು.

ನಮ್ಮನ್ನು ಒಳಗೆ ಬಿಟ್ಟುಕೊಳ್ಳುವುದಕ್ಕಿಂತ ಇದೇ ವಾಸಿ ಎನಿಸಿರಬೇಕು. ಅವನು ಕತ್ತರಿಸಿ ಉಳಿದ ತುಂಡುಗಳನ್ನು ತಂದು ಬೀದಿಯಲ್ಲಿ ಇಟ್ಟಿಗೆಗಳ ಮೇಲೆ ಅಡ್ಡಡ್ಡ ಇಟ್ಟ. ಪಕ್ಕದ ಕಟ್ಟಡದ ಹೊರಮೆಟ್ಟಿಲನ್ನು ಚಿಕ್ಕಮ್ಮ ಹತ್ತಿದಳು. ದಿನವೂ ಕೆಳಗೆ ನಿಂತು ಏಟು ತಿನ್ನುವವಳು ಅವತ್ತು ಮೇಲೆ ನಿಂತಿದ್ದಳು. ಅವಳ ಮುಖದ ಕಳೆಯೇ ಬೇರೆ. ಸೊಂಟದ ಮೇಲೆ ಕೈಯಿಟ್ಟು, ಬಾಲ್ಕನಿಯವಳ ದನಿಯಲ್ಲೇ, "ಏಯ್ ಕಸದವಳೇ, ತಗೋ" ಎಂದು ಹೂಕುಂಡ ಬಿಟ್ಟಳು.

ಗಾಜಿನ ತುಂಡು ಪುಡಿಪುಡಿಯಾಯಿತು. ಅತ್ತಿಗೆ ಅಭ್ಯಾಸಬಲದಿಂದ ಚೂರುಗಳನ್ನು ಆರಿಸುತ್ತಾ, ಇದೆಲ್ಲ ನನ್ನ ಮಡಿಲಲ್ಲಿ ಇರಬೇಕಾಗಿತ್ತು ಎಂದಳು. ಅಗ್ಗದ ಪ್ಲಾಸ್ಟಿಕ್ಕು ಬಾಟಲಿ ಬಿದ್ದದ್ದೇ ನಡುವೆ ಸೀಳಿತು. ಅಷ್ಟರಲ್ಲಿ ಜನ ಸುತ್ತುಗಟ್ಟಿದ್ದರು. ದಪ್ಪ ಹಾಳೆಯ ಮೇಲೆ ಏನೇ ಬಿದ್ದರೂ ಅದು ಸ್ವಲ್ಪ ಬಳುಕಿ ಸುಮ್ಮನಾಗುತ್ತಿತ್ತು. ಚಿಕ್ಕಮ್ಮನಿಗೆ ಹುರುಪು ಹೆಚ್ಚಿ ಇಸ್ತ್ರಿಪೆಟ್ಟಿಗೆಯನ್ನು ಎರಡೂ ಕೈಯಿಂದ ಎತ್ತಿ ಬೀಸಿದಳು. ಅದು ಹಾಳೆಯಿಂದ ಪುಟಿದು ನೇರವಾಗಿ ಅಂಗಡಿಯ ಮೆಟ್ಟಿಲು ಹತ್ತಿ ಒಳಗೆ ಹೋಯಿತು. ನಮಗಿಲ್ಲದ ಪ್ರವೇಶ ಅದಕ್ಕೆ ಸಿಕ್ಕಿತು.

ಆಮೇಲೆ ತಿಕ್ಕುವ ಪರೀಕ್ಷೆ. ದಪ್ಪ ಹಾಳೆಯಲ್ಲೂ ಎರಡು ಜಾತಿ ಇದ್ದವು, ಬರಿಯದು ಒಂದು, ಮೇಲೆ ಗಟ್ಟಿ ಲೇಪ ಹಚ್ಚಿದ್ದು ಇನ್ನೊಂದು. ಚಿಕ್ಕಮ್ಮ ಎರಡರ ಮೇಲೂ ನಾರು ಆಡಿಸಿದಳು. ಬರಿಯದು ಮಂಕಾಯಿತು. ಲೇಪದ್ದರ ಮೇಲೆ ಕೂದಲೆಳೆಯಂಥ ಗೀರು ಒಂದೆರಡು ಬಿದ್ದವು, ಅಷ್ಟೇ. ಪುಡಿ ಬೇಡ, ಸಾಬೂನಿನ ನೀರು, ಮೆತ್ತನೆ ಬಟ್ಟೆ ಸಾಕು ಎಂದು ಅಂಗಡಿಯವನು ಕೈಮುಗಿದ. ಬೋಲ್ಟಿಗಿಂತ ತೂತು ಸ್ವಲ್ಪ ದೊಡ್ಡದಿರಬೇಕು, ಬಿಸಿಲಿಗೆ ಹಾಳೆ ಹಿಗ್ಗುತ್ತದೆ ಎಂದು ಹೇಳಿಕೊಟ್ಟ. ಹೇಳುತ್ತಾ ಹೇಳುತ್ತಾ ಕರವಸ್ತ್ರ ಮರೆತು ಬೀದಿಗೇ ಇಳಿದಿದ್ದ.

ಲೇಪದ ಹಾಳೆ ಕೂರಿಸಿದ ಮಾರನೆಯ ಬೆಳಗ್ಗೆ ಅದೇ ಬಾಲ್ಕನಿಯಿಂದ ಚೀಲ ಬಂತು. ಅತ್ತಿಗೆ ಕಣ್ಣು ಮುಚ್ಚಿದಳು. ಚೀಲ ಹಾಳೆಗೆ ಬಡಿದು, ಜಾರಿ, ಬಾಲ್ಕನಿಯವಳ ಗೇಟಿನ ಮುಂದೆಯೇ ಹರಡಿಕೊಂಡಿತು. ಅತ್ತಿಗೆ ಒಂದೊಂದೇ ಕಣ್ಣು ಬಿಟ್ಟು ನೋಡಿದಳು. ಅವಳ ಮುಖದ ಮೇಲೆ ಒಂದು ಹನಿಯೂ ಇರಲಿಲ್ಲ. ಅವಳು ಮೇಲೆ ನೋಡಿ, ಸ್ವಲ್ಪ ನೋಡ್ಕೊಂಡು ಎಸೀರಮ್ಮ ಎಂದು ನಯವಾಗಿ ಹೇಳಿ ಗೇರು ಬದಲಿಸಿದಳು. ನನಗೆ ಖುಷಿ ತಡೆಯಲಾಗದೆ ಗಾಡಿಯ ಹಿಂದೆ ಕಸದ ನಡುವೆಯೇ ಕುಣಿದೆ.

ಸುದ್ದಿ ಶೆಡ್ಡಿಗೆ ಹಬ್ಬಲು ಎಷ್ಟು ಹೊತ್ತು. ಉಳಿದ ಗಾಡಿಯವರೆಲ್ಲ ಬಂದು ಹಾಳೆಯನ್ನು ಬೆರಳಿನಿಂದ ಬಡಿದು ನೋಡಿದರು, ಅದರ ಹಿಂದೆ ಕೂತು ನೋಡಿದರು, ಹಲ್ಲು ಕಿರಿದು ನೋಡಿದರು. ನಾಲ್ಕು ಜನ ಧೈರ್ಯ ಮಾಡಿ ಧಣಿಯ ಹತ್ತಿರ ಹೋಗಿ, ನಮಗೂ ಹಾಕಿಸಿಕೊಡಿ ಎಂದು ಕೇಳಿಯೇಬಿಟ್ಟರು. ಅಲ್ಲಿಗೆ ಅವನಿಗೆ ಉರಿ ಹತ್ತಿತು.

ಮರುದಿನ ಬೆಳಗ್ಗೆ ಗಾಡಿ ಹೊರಡುವ ಮೊದಲೇ ಕಾರಿನಲ್ಲಿ ಬಂದಿಳಿದ. "ಯಾವ ಬೋಳಿಮಗಳು ಇದನ್ನ ಹಾಕಿದ್ದು?"

"ನಾನೇ" ಎಂದಳು ಅತ್ತಿಗೆ.

"ನನ್ನ ಗಾಡಿಗೆ ನನ್ನ ಕೇಳದೆ ತೂತು ಕೊರೀತೀಯೇನೇ? ಇವತ್ತು ಗಾಜು ಅಂತೀರಿ, ನಾಳೆ ಫ್ಯಾನು ಅಂತೀರಿ. ಬಿಚ್ಚು."

ಅತ್ತಿಗೆ ಕಣ್ಣಿನ ಮಾತೆತ್ತಿದಳು. ಅವನು ಮುಗಿಸಲು ಬಿಡಲಿಲ್ಲ.

"ನಿನ್ನ ಕಣ್ಣೇನು ನನ್ನ ಗಾಡಿ ಬಿಡಿಭಾಗನಾ? ಹೋದ್ರೆ ಹೋಯ್ತು. ಬಿಚ್ಚು ಅಂದ್ನಲ್ಲ."

ಶೆಡ್ಡಿನಲ್ಲಿ ಎಲ್ಲರೂ ನೆಲ ನೋಡುತ್ತಾ ನಿಂತರು. ಚಿಕ್ಕಮ್ಮ ಮುಂದೆ ಬಂದು, ಗಾಡಿ ನಿಮ್ಮದೇ ಇರಲಿ, ಗಾಜು ನಮ್ಮದು ಎಂದಳು.

"ನಿಮ್ದಾದ್ರೆ ನೀವೇ ಹೊತ್ಕೊಂಡು ಸಾಯ್ರಿ ಮುಂಡೇವಾ. ನನ್ನ ಗಾಡಿಗೆ ತಗಲಬಾರದು."

ಅತ್ತಿಗೆ ಪಾನಾ ತೆಗೆದುಕೊಂಡಳು. ಒಂದೊಂದೇ ಬೋಲ್ಟು ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು. ಅಳುತ್ತಾಳೆಂದು ನಾನು ಕಾದೆ. ಅವಳು ಹಾಳೆಯನ್ನು ನಮ್ಮಿಬ್ಬರ ಕೈಗೆ ಕೊಟ್ಟು, ಸೀಟಿನಲ್ಲಿ ಕೂತು, ಗಾಡಿ ಶುರು ಮಾಡಿದಳು.

"ಧಣಿ ಹೇಳಿದ್ದು ಕೇಳಿಸ್ತಲ್ಲ. ಹೊತ್ಕೊಳ್ಳಿ. ಗಾಡಿಗೆ ತಗಲಬಾರದು."

ನಮಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ಚಿಕ್ಕಮ್ಮ ಒಂದು ತುದಿ ಹಿಡಿದಳು, ನಾನು ಇನ್ನೊಂದು. ಹಾಳೆಯನ್ನು ನೆಟ್ಟಗೆ ತಲೆಯ ಮಟ್ಟಕ್ಕೆ ಎತ್ತಿ, ಗಾಡಿಯ ಮೂತಿಯಿಂದ ಒಂದು ಗೇಣು ಬಿಟ್ಟು, ನಾವು ನಡೆಯತೊಡಗಿದೆವು. ಅತ್ತಿಗೆ ಹಿಂದೆ ಒಂದನೇ ಗೇರಿನಲ್ಲಿ ಬಂದಳು. ಆ ನಡಿಗೆಗೆ ಗಾಳಿಯೂ ಇಲ್ಲ ಧೂಳೂ ಇಲ್ಲ, ನಿಜ ಹೇಳಬೇಕೆಂದರೆ ಗಾಜೇ ಬೇಕಿರಲಿಲ್ಲ. ಆದರೆ ಅಪ್ಪಣೆ ಅಪ್ಪಣೆಯೇ.

ನಮ್ಮ ಮೊದಲ ಬೀದಿ ಇಕ್ಕಟ್ಟಿನದು, ಎದುರಿಗೆ ಸೈಕಲ್ ಬಂದರೂ ಒಬ್ಬರು ಸರಿಯಬೇಕು. ನಮ್ಮ ಹಿಂದೆ ಹಾಲಿನ ವ್ಯಾನು, ಅದರ ಹಿಂದೆ ಶಾಲೆಯ ಬಸ್ಸು, ಅದರ ಹಿಂದೆ ನೀಲಿ ಕಾರು, ಎಲ್ಲ ಸಾಲುಗಟ್ಟಿದವು. ಹಾರನ್ನುಗಳು ನೆಲ ಮುಗಿಲು ಒಂದು ಮಾಡಿದವು. ಬಾಲ್ಕನಿಗಳು ಜನರಿಂದ ತುಂಬಿದವು, ಚೀಲ ಎಸೆಯುವುದೇ ಎಲ್ಲರಿಗೂ ಮರೆತುಹೋಯಿತು. ಏನಮ್ಮಾ ಇದು ಎಂದು ಮೇಲಿನಿಂದ ಕೇಳಿದವರಿಗೆಲ್ಲ ಚಿಕ್ಕಮ್ಮ ತನ್ನ ಗಂಟಲಿನಲ್ಲಿ ವಿವರ ಕೊಟ್ಟಳು. ಧಣಿಯ ಮಾತುಗಳನ್ನು ಒಂದನ್ನೂ ಬಿಡದೆ, ಬೈಗುಳ ಸಮೇತ, ಪ್ರತಿ ಮನೆಯ ಮುಂದೆ ಒಪ್ಪಿಸಿದಳು. ಶಾಲೆಯ ಬಸ್ಸಿನ ಮಕ್ಕಳು ಕಿಟಕಿಯಿಂದ ಕೈಬೀಸಿದರು.

ನೀಲಿ ಕಾರು ಧಣಿಯದು. ಅವನು ಇಳಿದು, ಬಸ್ಸು, ವ್ಯಾನು, ಗಾಡಿ ಎಲ್ಲ ಸವರಿಕೊಂಡು ಬಂದು, ಏದುಸಿರು ಬಿಡುತ್ತಾ ನಮ್ಮೆದುರು ನಿಂತ. ಹಾಳೆಯ ಆಚೆ ಅವನ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಹಾಳೆ ಎಷ್ಟು ತಿಳಿಯಾಗಿತ್ತೆಂದರೆ ಅವನ ಹಣೆಯ ಬೆವರು ಒಂದೊಂದೂ ಕಾಣುತ್ತಿತ್ತು. ಅತ್ತಿಗೆ ಹಾರನ್ನು ಒತ್ತಿದಳು.

"ಸ್ವಲ್ಪ ಸರೀರಿ ಧಣಿ" ಎಂದಳು ಚಿಕ್ಕಮ್ಮ. "ಎಂಜಲು ಹಾರುತ್ತೆ. ಆಮೇಲೆ ತಿಕ್ಕೋಕೆ ನಾನೇ ಬೇಕು."

ನಾವು ಒಂದು ಹೆಜ್ಜೆ ಮುಂದಿಟ್ಟೆವು. ಹಾಳೆ ಅವನ ಹೊಟ್ಟೆಗೆ ತಾಗಿತು, ಸ್ವಲ್ಪ ಬಳುಕಿತು. ಅವನು ಒಂದು ಹೆಜ್ಜೆ ಹಿಂದೆ ಸರಿದ.