ಗದ್ದಲ ಎಂಬ ಚೀಟಿ

ಸಕ್ಕರೆ ಡಬ್ಬಿಯ ಮೇಲೆ ಚೀಟಿ ಅಂಟಿಸಿ, ಅದರಡಿ ಗಾಳಿ ಉಳಿಯದಂತೆ ಅವನು ಹೆಬ್ಬೆರಳಿನಿಂದ ತೀಡಿದ. ಆಮೇಲೆ ಉಪ್ಪು. ಆಮೇಲೆ ಟೀ ಪುಡಿ. ಹೆಂಡತಿ ಲೋಟ ತಂದಿಟ್ಟು ಗೋಡೆಗೆ ಒರಗಿ ನಿಂತಳು. ಏನೂ ಬರೆಯದ ಚೀಟಿಯೊಂದು ಮಿಕ್ಕಿತು. ಅದನ್ನು ಮೇಜಿನ ಮೇಲೇ ಬಿಟ್ಟ.

ಒಂದು ವಾರದಿಂದ ಅವಳು ಬೆಳಿಗ್ಗೆ ಎದ್ದರೆ ಒಂದೇ ಮಾತು. "ಎದೆಯಲ್ಲಿ ಗಂಟು ಕೈಗೆ ಸಿಗ್ತಿದೆ. ಡಾಕ್ಟರ್ ಹತ್ರ ಒಬ್ಬಳೇ ಹೋಗೋಕೆ ಭಯ. ಜೊತೆಗೆ ಬರ್ತೀರಾ?"

"ನೋಡೋಣ" ಎನ್ನುತ್ತಿದ್ದ.

ಇವತ್ತು ಅವಳು ಕೇಳಲಿಲ್ಲ. ಸದ್ಯ, ತಾನಾಗಿಯೇ ಕರಗಿರಬೇಕು ಎಂದುಕೊಂಡು ಬೂಟು ಹಾಕಿಕೊಂಡ.

ಅವನು ಚಿನ್ನದ ಪದಕ ಪಡೆದ ಎಂಜಿನಿಯರ್. ಕಚೇರಿಯಲ್ಲೂ ಚೀಟಿ ಅಂಟಿಸುವ ಕೆಲಸವೇ. ಅಲ್ಲಿನ ಸರ್ವರ್‌ಗಳೆಲ್ಲ ತಮಗೆ ಆಗುತ್ತಿರುವುದನ್ನು ಸಾಲು ಸಾಲಾಗಿ ಬರೆದುಕೊಳ್ಳುತ್ತವೆ. ಆ ಲಾಗ್‌ಗಳನ್ನು ಒಂದೆಡೆ ತರಿಸಿ, ಯಾವ ಸಾಲು ಯಾವ ಯಂತ್ರದ್ದು, ಎಷ್ಟು ತುರ್ತು ಎಂದು ಲೇಬಲ್ ಹಚ್ಚುವ ಏರ್ಪಾಡು ಅವನದು. ಮೊದಮೊದಲು ತುರ್ತಿನ ಸಾಲು ಬಂದಾಗಲೆಲ್ಲ ಪರದೆ ಕೆಂಪಾಗುತ್ತಿತ್ತು. ಮ್ಯಾನೇಜರ್ ತಲೆನೋವು ಎಂದ. ಅದಕ್ಕೆ ಇವನೊಂದು ನಿಯಮ ಬರೆದ: ಒಂದೇ ಸಾಲು ಮತ್ತೆ ಮತ್ತೆ ಬಂದರೆ ಅದರ ಲೇಬಲ್ 'ಗದ್ದಲ'. ಗದ್ದಲ ಪರದೆಗೆ ಬರುವುದಿಲ್ಲ. ಅಂದಿನಿಂದ ಪರದೆ ಹಸಿರು ಹುಲ್ಲುಗಾವಲು. ಮ್ಯಾನೇಜರ್ ಅದನ್ನು ಬಂದವರಿಗೆಲ್ಲ ಮಗಳ ಫೋಟೋ ತೋರಿಸುವಂತೆ ತೋರಿಸುತ್ತಿದ್ದ.

ಮಧ್ಯಾಹ್ನ ಕೆಳಗಿನ ಮಹಡಿಯಿಂದ ಫೋನು ಬಂತು. ಬೆಳಿಗ್ಗೆಯಿಂದ ಬಿಲ್ಲಿಂಗ್ ಸರ್ವರ್ ಸತ್ತು ಬಿದ್ದಿದೆ.

"ಹೇಗಾಗುತ್ತೆ?" ಎಂದ ಮ್ಯಾನೇಜರ್. "ಹಸಿರಾಗೇ ಇದೆಯಲ್ಲಯ್ಯ."

"ಅದು ಏನೂ ಹೇಳ್ತಿಲ್ಲ ಸರ್. ಅದಕ್ಕೇ ಹಸಿರು."

"ಏನೂ ಹೇಳ್ತಿಲ್ಲ ಅಂದ್ರೆ ಆರಾಮಾಗಿದೆ ಅಂತ ತಾನೆ?"

"ಸತ್ತೋರೂ ಆರಾಮಾಗೇ ಇರ್ತಾರೆ" ಎಂದಳು ಪಕ್ಕದ ಮೇಜಿನ ಟೆಸ್ಟರ್, ತಲೆ ಎತ್ತದೆ.

ಅವನು ಗದ್ದಲದ ರಾಶಿ ತೆರೆದ. ಬಿಲ್ಲಿಂಗ್ ಸರ್ವರ್ ವಾರವಿಡೀ ಒಂದೇ ಸಾಲು ಬರೆದಿತ್ತು: ಡಿಸ್ಕ್ ತುಂಬುತ್ತಿದೆ, ಡಿಸ್ಕ್ ತುಂಬುತ್ತಿದೆ. ಬೇಡಿಕೊಂಡಂತೆಯೂ ಇರಲಿಲ್ಲ, ಬೈದಂತೆಯೂ ಇರಲಿಲ್ಲ. ಇವತ್ತು ಬೆಳಿಗ್ಗೆ ನಿಂತಿತ್ತು.

"ಈ ನಿಯಮ ಯಾರದು?"

"ನೀವೇ ಮೆಚ್ಚಿಕೊಂಡ್ರಲ್ಲ ಸರ್."

"ಮೆಚ್ಚಿಕೊಂಡೆ. ಬರೆದದ್ದು ಯಾರು ಅಂದೆ."

ವರದಿಯಲ್ಲಿ ಅವನು 'ಯಂತ್ರವು ಯಾವ ಮುನ್ಸೂಚನೆಯನ್ನೂ ನೀಡಲಿಲ್ಲ' ಎಂದು ಬರೆದ. ಬೆರಳುಗಳು ಅಲ್ಲೇ ನಿಂತವು. ವರದಿ ಅರ್ಧಕ್ಕೇ ಬಿಟ್ಟು, ಬ್ಯಾಗು ಹೆಗಲಿಗೇರಿಸಿ ಮನೆಗೆ ಹೊರಟ.

ಹೊಸ್ತಿಲ ಬಳಿ ಅವಳ ಚಪ್ಪಲಿ ಇತ್ತು. ಅಡುಗೆಮನೆಯಲ್ಲಿ ಡಬ್ಬಿಗಳು ಎದೆಯ ಮೇಲೆ ಚೀಟಿ ಹಚ್ಚಿಕೊಂಡು ಸಾಲಾಗಿ ನಿಂತಿದ್ದವು. ಬೆಳಗಿನ ಲೋಟ ತೊಳೆದು ಬೋರಲು ಹಾಕಿತ್ತು. ಮಲಗುವ ಕೋಣೆಗೆ ಒಳಗಿನಿಂದ ಚಿಲಕ. ಬಾಗಿಲ ಮೇಲೆ, ಅವನ ಕಣ್ಣಿನ ಎತ್ತರಕ್ಕೆ, ಮಿಕ್ಕಿದ್ದ ಆ ಖಾಲಿ ಚೀಟಿ. ಗಾಳಿ ಉಳಿಯದಂತೆ ಚೆನ್ನಾಗಿ ತೀಡಿ ಅಂಟಿಸಿದ್ದಳು.

ಅವನು ಬಾಗಿಲು ತಟ್ಟಿದ. ಕಾದ.

"ಏನೋ ಹೇಳ್ತಿದ್ದೆಯಲ್ಲ," ಎಂದ. "ಇನ್ನೊಂದ್ಸಲ ಹೇಳು."