ಒಲೆಗೆ ಹೋದ ಚೀಟಿ

ಧನಪಾಲನ ಕೈ ಮುರಿದದ್ದು ಒಂದು ಟಗರಿನ ದೆಸೆಯಿಂದ. ನಲ್ಲಂಪಳ್ಳಿ ಸಂತೆಗೆ ಹೊರಟ ಬೆಳಿಗ್ಗೆ ಕುರಿಗಳನ್ನು ವ್ಯಾನಿಗೆ ಹತ್ತಿಸುತ್ತಿದ್ದಾಗ ಅದು ಕೊಸರಿಕೊಂಡು ಅವನನ್ನು ಹಿಂದಕ್ಕೆ ನೂಕಿತು. ಅವನು ಬಿದ್ದದ್ದು ಮಂಡಿಯೆತ್ತರದಿಂದ, ಅದೂ ಮೆತ್ತನೆಯ ಮಣ್ಣಿನ ಮೇಲೆ. ಅಷ್ಟಕ್ಕೇ ಬಲಗೈಯ ಮಣಿಕಟ್ಟು ಮುರಿದು ಜೋತುಬಿತ್ತು. ಅಪ್ಪ ನಾರಪ್ಪ ಕುರಿಗಳೊಡನೆ ಸಂತೆಗೆ ಹೋಗಲೇಬೇಕಿತ್ತು. ತಾಯಿ ಸಣ್ಣಕ್ಕ ಮಗನ ಕೈಗೆ ಟವಲು ಸುತ್ತಿ, ಬಸ್ಸು ಹತ್ತಿಸಿ, ಧರ್ಮಪುರಿಯ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಪೈಯನುಕ್ಕು ಎನ್ನ ವಯಸು?" ಎಂದು ತಮಿಳಿನಲ್ಲಿ ಹುಡುಗನ ವಯಸ್ಸು ಕೇಳಿದರು.

ಇಪ್ಪತ್ತಾರು ಎಂದಳು ಸಣ್ಣಕ್ಕ. ಅವರು ನಂಬಲಿಲ್ಲ. ಆಧಾರ್ ಕಾರ್ಡು ಇಸಿದುಕೊಂಡು ನೋಡಿದರು, ಮತ್ತೆ ಧನಪಾಲನ ಮುಖ ನೋಡಿದರು. ಆರಡಿಯ ಮೇಲಿದ್ದ ಆಳು, ಉದ್ದುದ್ದ ಕೈಕಾಲು, ಆದರೆ ಕೆನ್ನೆಯ ಮೇಲೆ ಒಂದು ಕೂದಲಿಲ್ಲ. ನೋವಿಗೆ ನರಳಿದಾಗ ಬಂದದ್ದು ಎಳೆಯ ದನಿ.

"ಈ ಎಕ್ಸ್‌ರೇ ನೋಡಿದರೆ ಹದಿನಾಲ್ಕು ವರ್ಷದ ಹುಡುಗನ ಕೈ ಇದ್ದಂಗಿದೆ," ಎಂದರು ಡಾಕ್ಟರು. "ಮೂಳೆಯ ತುದಿ ಇನ್ನೂ ಕೂಡಿಕೊಂಡಿಲ್ಲ. ಗಟ್ಟಿಯೂ ಇಲ್ಲ. ಕೈ ನಾನು ಸರಿಮಾಡ್ತೀನಿ. ಆದರೆ ಇವನನ್ನು ಸೇಲಂನಲ್ಲಿ ಹಾರ್ಮೋನ್ ಡಾಕ್ಟರಿಗೆ ತೋರಿಸಬೇಕು. ಇಷ್ಟು ದಿನ ಯಾರ ಕಣ್ಣಿಗೂ ಬೀಳಲಿಲ್ಲವಾ ಇದು?"

ಸಣ್ಣಕ್ಕ ತಲೆ ಬಗ್ಗಿಸಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಕಣ್ಣಿಗೆ ಬಿದ್ದಿತ್ತು. ಹನ್ನೆರಡು ವರ್ಷದ ಹಿಂದೆಯೇ ಬಿದ್ದಿತ್ತು.

ಧನಪಾಲ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಶಾಲೆಗೆ ಡಾಕ್ಟರುಗಳು ಬಂದು ಮಕ್ಕಳನ್ನೆಲ್ಲ ಪರೀಕ್ಷೆ ಮಾಡಿದ್ದರು. ಅವನ ಕೈಯಲ್ಲಿ ಒಂದು ಚೀಟಿ ಕೊಟ್ಟು ಕಳಿಸಿದ್ದರು. ಸಣ್ಣಕ್ಕನಿಗೆ ಓದು ಬಾರದು. ಮಾರನೆಯ ದಿನ ತಾನೇ ಶಾಲೆಗೆ ಹೋಗಿ ಕೇಳಿದಳು. ಪರೀಕ್ಷೆಗೆ ಆ ದಿನವೂ ಬಂದಿದ್ದ ಡಾಕ್ಟರಮ್ಮ ಅವಳನ್ನು ಪಕ್ಕಕ್ಕೆ ಕರೆದು, ಹುಡುಗನ ಬೆಳವಣಿಗೆ ವಯಸ್ಸಿಗೆ ತಕ್ಕಂತೆ ಇಲ್ಲ, ಹುಟ್ಟಿದಾಗಿನಿಂದಲೇ ಏನೋ ಕೊರತೆಯಿರುವ ಹಾಗಿದೆ, ತಡಮಾಡದೆ ಸೇಲಂಗೆ ಕರೆದುಕೊಂಡು ಹೋಗಿ ಎಂದು ಮೆಲ್ಲಗೆ ಹೇಳಿದ್ದರು.

ಆಗ ಮಗಳು ಭಾಗ್ಯಲಕ್ಷ್ಮಿಗೆ ನಂಗವಳ್ಳಿಯಿಂದ ಸಂಬಂಧ ಬಂದಿತ್ತು. ಮಾತು ಇನ್ನೂ ಗಟ್ಟಿಯಾಗಿರಲಿಲ್ಲ. ಸಣ್ಣಕ್ಕನಿಗೆ ತನ್ನ ತಮ್ಮ ಮುನುಸ್ವಾಮಿಯ ನೆನಪಾಯಿತು. ಅವನಿಗೂ ಹೀಗೇ ಮೀಸೆ ಬರಲಿಲ್ಲ, ದನಿ ಒಡೆಯಲಿಲ್ಲ. ಊರಿನವರು ಅವನನ್ನು ಕರೆಯುತ್ತಿದ್ದ ಹೆಸರನ್ನು ಅವಳು ಇವತ್ತಿಗೂ ಬಾಯಲ್ಲಿ ಆಡುವುದಿಲ್ಲ. ಒಂದು ದಿನ ಅವನು ಬೋರ್‌ವೆಲ್ ಲಾರಿಯವರ ಜೊತೆ ಕೂಲಿಗೆಂದು ಹೋದವನು ತಿರುಗಿ ಬರಲಿಲ್ಲ. ಆ ಮನೆತನದಲ್ಲಿ ಅದು ಇದೆಯಂತೆ ಎಂಬ ಮಾತು ನಂಗವಳ್ಳಿಗೆ ತಲುಪಿದರೆ ಮಗಳ ಮದುವೆಯ ಗತಿಯೇನು? ಮದುವೆ ಮುಗಿಯಲಿ, ಆಮೇಲೆ ನೋಡೋಣ ಎಂದುಕೊಂಡು ಅವಳು ಚೀಟಿಯನ್ನು ಮಡಿಸಿ ಒಲೆಗೆ ಹಾಕಿದಳು. ಮಗನಿಗೆ, "ವಯಸ್ಸಾಗ್ತಾ ಎಲ್ಲಾ ಸರಿಹೋಯ್ತದೆ ಅಂದ್ರು ಕಣ್ಲಾ," ಎಂದಳು. ಗಂಡನಿಗೆ ಅದನ್ನೂ ಹೇಳಲಿಲ್ಲ.

ಮದುವೆ ಮುಗಿಯಿತು. ಮಗಳಿಗೆ ಮಗುವೂ ಆಯಿತು. ಧನಪಾಲ ಇಪ್ಪತ್ತು ದಾಟಿದ ಮೇಲೂ ಎತ್ತರ ಬೆಳೆಯುತ್ತಲೇ ಇದ್ದ, ವರ್ಷವರ್ಷವೂ ಪ್ಯಾಂಟು ಗಿಡ್ಡವಾಗುತ್ತಿತ್ತು. ಪಾಲಕೋಡಿನ ಟೊಮೊಟೊ ಮಂಡಿಯಲ್ಲಿ ಕೆಲಸಕ್ಕೆ ಸೇರಿದ, ಫೋನಿನಲ್ಲಿ ಎಲ್ಲರೂ ಹೆಂಗಸೆಂದುಕೊಂಡು "ಸೊಲ್ಲುಂಗಮ್ಮಾ", ಹೇಳಿಯಮ್ಮಾ, ಎನ್ನುತ್ತಾರೆಂದು ಬಿಟ್ಟುಬಂದು ಅಪ್ಪನ ಕುರಿಗಳ ಹಿಂದೆ ಹೋದ. ಸಣ್ಣಕ್ಕ ಎಲ್ಲವನ್ನೂ ನೋಡುತ್ತಿದ್ದಳು. ಈಗ ಕರೆದುಕೊಂಡು ಹೋದರೆ ಇಷ್ಟು ದಿನ ಏನು ಮಾಡ್ತಿದ್ದೆ ಎಂದು ಕೇಳುತ್ತಾರಲ್ಲ ಎಂಬ ಅಂಜಿಕೆ ವರ್ಷವರ್ಷವೂ ಹೆಚ್ಚಾಗುತ್ತಿತ್ತು.

ಅದಕ್ಕಿಂತ ಕೆಟ್ಟದ್ದನ್ನೂ ಅವಳು ಮಾಡಿದ್ದಳು. ಹೋದ ವರ್ಷ ಒಂದು ಹೆಣ್ಣಿನ ಕಡೆಯವರು ಮನೆಗೆ ಬಂದಾಗ ಧನಪಾಲ ಕುರಿ ಹೊಡೆದುಕೊಂಡು ಹೋದವನು ಸಂಜೆಯವರೆಗೂ ಬರಲಿಲ್ಲ. ಬಂದಾಗ ನೆಂಟರು ಇನ್ನೂ ಜಗಲಿಯ ಮೇಲೆಯೇ ಇದ್ದರು. ಸಿಟ್ಟು, ಅವಮಾನ ಎರಡೂ ಸೇರಿ ಅವಳ ಬಾಯಿಂದ ಮಾತು ಜಾರಿತು: "ನೀನೇನು ಗಂಡ್ಸಲ್ವೇನ್ಲಾ? ಎಣ್ಣು ನೋಡಕೆ ಎದ್ರುಕೊಂಡು ಓಡೋಗ್ತೀಯಾ?" ಜಗಲಿಯಲ್ಲಿ ನಗು ಎದ್ದಿತು. ಧನಪಾಲ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗಿ ಕೂತು ಉಂಡ.

ಕೈಯ ಕಟ್ಟು ಬಿಚ್ಚಿದ ವಾರ ತಾಯಿ ಮಗ ಸೇಲಂಗೆ ಹೋದರು. ಹಾರ್ಮೋನ್ ಡಾಕ್ಟರು ಚಿಕ್ಕ ವಯಸ್ಸಿನವರು. ಪರೀಕ್ಷೆ ಮಾಡುವಾಗ ಸಣ್ಣಕ್ಕನನ್ನು ಹೊರಗೆ ಕೂರಿಸಿ ಆಮೇಲೆ ಒಳಗೆ ಕರೆದರು. ರಕ್ತ ಪರೀಕ್ಷೆ, ತಲೆಯ ಸ್ಕ್ಯಾನು ಎಂದು ಎರಡು ಸಲ ಓಡಾಡಿದ ಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದರು. ಹುಡುಗ ಗಂಡಸಾಗಿ ಬೆಳೆಯಲು ಮಿದುಳಿನಿಂದ ಒಂದು ಅಪ್ಪಣೆ ಬರಬೇಕು, ಇವನಿಗೆ ಹುಟ್ಟಿದಾಗಿನಿಂದ ಆ ಅಪ್ಪಣೆಯೇ ಬರುತ್ತಿಲ್ಲ. ಅದಕ್ಕೇ ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನು ಮೈಯಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಮೂರು ವಾರಕ್ಕೊಂದು ಇಂಜೆಕ್ಷನ್ ಹಾಕಿಸಿಕೊಳ್ಳಬೇಕು, ಬದುಕಿರುವವರೆಗೂ. ಮುಂದೆ ಮಕ್ಕಳು ಬೇಕೆಂದರೆ ಅದಕ್ಕೆ ಬೇರೆ ಚಿಕಿತ್ಸೆ ಇದೆ, ಎಷ್ಟೋ ಜನಕ್ಕೆ ಆಗಿದೆ.

"ನಿನಗೆ ವಾಸನೆ ಗೊತ್ತಾಗುತ್ತಾ?" ಎಂದು ಅವರು ಧನಪಾಲನನ್ನು ಕೇಳಿದರು.

ಧನಪಾಲ ತಾಯಿಯ ಕಡೆ ನೋಡಿ, "ಇಲ್ಲ ಸಾರ್. ವಾಸ್ನೆ ಅಂತ ಎಲ್ಲಾರೂ ಸುಮ್ನೆ ಏಳ್ತಾರೆ ಅಂದ್ಕಂಡಿದ್ದೆ," ಎಂದು ಮನೆಮಾತಾದ ಕನ್ನಡದಲ್ಲೇ ಅಂದುಬಿಟ್ಟು, ಮತ್ತೆ ತಮಿಳಿನಲ್ಲಿ ಹೇಳಿದ.

ಅದೂ ಇದರ ಗುರುತೇ ಎಂದರು ಡಾಕ್ಟರು. ಸಣ್ಣಕ್ಕನಿಗೆ ಹಳೆಯ ಒಂದು ದಿನ ನೆನಪಾಯಿತು. ಒಲೆಯ ಪಕ್ಕದಲ್ಲೇ ಕೂತು ಹಾಲು ಸೀಯಿಸಿದನೆಂದು ಏಳು ವರ್ಷದ ಮಗನಿಗೆ ಸೌಟಿನಲ್ಲಿ ಹೊಡೆದಿದ್ದಳು.

"ಇದು ತಾಯಿಯ ಕಡೆಯಿಂದ ಬರುವುದುಂಟು. ಇವನ ಅಕ್ಕನಿಗೆ ಗಂಡುಮಗ ಇದ್ದರೆ ಒಂದು ಸಲ ತೋರಿಸಲು ಹೇಳಿ," ಎಂದ ಡಾಕ್ಟರು ಬರೆಯುತ್ತಲೇ ಕೇಳಿದರು: "ಚಿಕ್ಕವನಿದ್ದಾಗ ಯಾರೂ ಗಮನಿಸಲಿಲ್ಲವಾ? ಶಾಲೆಯಲ್ಲಿ ಕ್ಯಾಂಪು ಆಗಿರುತ್ತಲ್ಲ. ಆಗಲೇ ಶುರುಮಾಡಿದ್ದರೆ ಮೂಳೆ ಹೀಗಾಗುತ್ತಿರಲಿಲ್ಲ."

ಸಣ್ಣಕ್ಕ ಬಾಯಿ ತೆರೆದಳು.

"ಇಲ್ಲ ಸಾರ್. ಯಾರೂ ನೋಡ್ಲಿಲ್ಲ," ಎಂದ ಧನಪಾಲ.

ಅವನಿಗೆ ಮರೆತುಹೋಗಿದೆ ಎಂದು ಸಣ್ಣಕ್ಕ ಉಸಿರು ಬಿಟ್ಟಳು. ಉಸಿರು ಬಿಟ್ಟದ್ದಕ್ಕೆ ಬಸ್ಸಿನಲ್ಲಿ ತೊಪ್ಪೂರು ಕಣಿವೆ ದಾಟುವವರೆಗೂ ನಾಚಿಕೆಪಟ್ಟಳು.

ಇಂಜೆಕ್ಷನ್ ಶುರುವಾಯಿತು. ಊರಿನ ನರ್ಸಮ್ಮನ ಹತ್ತಿರ ಬೇಡ ಎಂದು ಧನಪಾಲ ಮೂರು ವಾರಕ್ಕೊಮ್ಮೆ ಧರ್ಮಪುರಿಗೆ ಹೋಗುತ್ತಿದ್ದ. ಕೇಳಿದವರಿಗೆಲ್ಲ ಸಣ್ಣಕ್ಕ, "ಮೂಳೆ ಇಂಜೆಕ್ಷನ್ನು, ಕೈ ಮುರ್ದಿತ್ತಲ್ಲ," ಎನ್ನುತ್ತಿದ್ದಳು. ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆಂದು ಅವಳಿಗೇ ಅಸಹ್ಯವಾಗುತ್ತಿತ್ತು. ನಾಲ್ಕೈದು ತಿಂಗಳಲ್ಲಿ ಮಗನ ಮುಖದ ಮೇಲೆ ಮೊಡವೆ ಎದ್ದವು. ದನಿ ಒಡೆಯಿತು, ಒಂದು ಮಾತು ದಪ್ಪ, ಒಂದು ಮಾತು ಕೀಚಲು. ನಲ್ಲಿಯ ಹತ್ತಿರ ಹೆಂಗಸರು ಮುಸಿಮುಸಿ ನಕ್ಕರು. ಅವನು ಸಣ್ಣದಕ್ಕೂ ರೇಗುತ್ತಿದ್ದ, ಆಮೇಲೆ ತಾನಾಗಿಯೇ ಸುಮ್ಮನಾಗುತ್ತಿದ್ದ.

ಆರನೆಯ ತಿಂಗಳು, ಒಂದು ಮಧ್ಯಾಹ್ನ, ಧರ್ಮಪುರಿಯಿಂದ ಬಂದವನು ಅಂಗಿ ಬಿಚ್ಚಿ ತಾಯಿಯ ಕೈಗೆ ಕೊಟ್ಟ.

"ಅವ್ವಾ, ನನ್ ಮೈ ನಾರ್ತದಾ? ಬಸ್ಸಲ್ಲಿ ಒಬ್ಬ ಮೂಗು ಮುಚ್ಕಂಡ. ನಂಗೆ ಗೊತ್ತಾಗಲ್ವಲ್ಲ, ನೀನೇ ನೋಡಿ ಏಳು."

ಸಣ್ಣಕ್ಕ ಅಂಗಿಯನ್ನು ಮೂಗಿನ ಹತ್ತಿರ ಹಿಡಿದಳು. "ಊಂ ಕಣಪ್ಪ. ನಿಮ್ಮಪ್ಪನ ಬೆವರಿನಂಗೇ ಐತೆ."

ಧನಪಾಲ ನಕ್ಕ. ತುಂಬ ದಿನದ ಮೇಲೆ ನಕ್ಕಿದ್ದ. ಆ ನಗುವನ್ನು ನೋಡಲಾರದೆ ಸಣ್ಣಕ್ಕ ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಳು.

"ನಂಗೆ ಗೊತ್ತಿತ್ತು ಕಣ್ಲಾ," ಎಂದಳು. "ನೀನು ಒಂಬತ್ತನೇ ಕ್ಲಾಸಲ್ಲಿದ್ದಾಗ್ಲೇ ಏಳಿದ್ರು. ಚೀಟಿ ಕೊಟ್ಟಿದ್ರು. ನಾನು..."

"ಒಲೆಗಾಕ್ದೆ," ಎಂದ ಧನಪಾಲ. "ನಾನು ಬಾಗ್ಲಲ್ಲೇ ನಿಂತಿದ್ದೆ."

ಸಣ್ಣಕ್ಕ ಅವನ ಮುಖ ನೋಡಿದಳು.

"ಚೀಟಿ ತಂದ್ಕೊಟ್ಟೋನು ನಾನೇ ಅಲ್ವಾ ಅವ್ವಾ? ದಾರೀಲಿ ಓದಿದ್ದೆ. ಎಲ್ಲಾ ಅರ್ಥ ಆಗ್ಲಿಲ್ಲ, ಸೇಲಂಗೆ ಓಗ್ಬೇಕು ಅಂತ ಮಾತ್ರ ಗೊತ್ತಾಯ್ತು. ನೀನು ಕರ್ಕೊಂಡೋಗ್ತೀಯ ಅಂತ ಕಾದೆ."

"ಕೇಳ್ಬಾರ್ದಾಗಿತ್ತೇನಪ್ಪಾ? ದೊಡ್ಡೋನಾದ್ಮೇಲಾದ್ರೂ?"

"ಎಂಗೆ ಕೇಳ್ಲಿ? ನೀನು ಅದನ್ನ ಒಲೆಗಾಕ್ದಾಗ ನಿನ್ ಮುಖ ನೋಡ್ದೆ. ನಮ್ಮವ್ವಂಗೇ ಇಷ್ಟು ನಾಚ್ಕೆ ಅಂದ್ರೆ ಇದು ಬಾಯಿ ಬಿಟ್ಟು ಕೇಳೋದಲ್ಲ ಅಂದ್ಕಂಡೆ."

"ಆ ಸೇಲಂ ಡಾಕ್ಟ್ರು ಕೇಳ್ದಾಗ ಯಾಕೆ ಇಲ್ಲ ಅಂದೆ?"

"ಅವ್ರ ಎದ್ರುಗೆ ನಿನ್ ಮಾನ ಯಾಕೆ ಕಳೀಬೇಕು?"

ಒಡೆದ ದನಿಯಲ್ಲಿ ಅವನು ಇದನ್ನೆಲ್ಲ ಮೆಲ್ಲಗೇ ಹೇಳಿದ. ಬೈದಿದ್ದರೆ ಸಣ್ಣಕ್ಕ ತಡೆದುಕೊಳ್ಳುತ್ತಿದ್ದಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಧನಪಾಲ ಬೇರೆ ಅಂಗಿ ಹಾಕಿಕೊಂಡು ಬಾಗಿಲವರೆಗೆ ಹೋಗಿ ನಿಂತ.

"ಚೀಟಿ ವಿಷ್ಯ ಎಂಗೋ ಮರೀಬೋದು ಅವ್ವಾ. ನೆಂಟ್ರ ಮುಂದೆ ನೀನು ಗಂಡ್ಸಲ್ವಾ ಅಂದೆಯಲ್ಲ, ಎಲ್ಲಾ ಗೊತ್ತಿದ್ದೂ, ಅದು ಮರೆಯಕ್ಕಾಗ್ತಿಲ್ಲ." ಆಮೇಲೆ ಹೇಳಿದ, "ಅಕ್ಕನ ಮಗನ್ನ ತೋರ್ಸು ಅಂತ ಡಾಕ್ಟ್ರು ಏಳಿ ಆರು ತಿಂಗ್ಳಾಯ್ತು. ಏಳ್ದೆಯಾ? ಇಲ್ಲ, ಅದನ್ನೂ ಒಲೆಗಾಕ್ತೀಯಾ?"

ಸಣ್ಣಕ್ಕ ಹೇಳಿರಲಿಲ್ಲ.

ಮಾರನೆಯ ದಿನವೇ ಒಬ್ಬಳೇ ನಂಗವಳ್ಳಿಯ ಬಸ್ಸು ಹತ್ತಿದಳು. ಮಗಳನ್ನು ಹಿತ್ತಲಿಗೆ ಕರೆದು ಗುಟ್ಟಾಗಿ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಆದರೆ ಹೋದಾಗ ಮನೆಯಲ್ಲಿ ಎಲ್ಲರೂ ಇದ್ದರು. ಅಳಿಯ ಶರವಣಕುಮಾರ್ ಊಟಕ್ಕೆ ಕೂತಿದ್ದ, ಬೀಗಿತ್ತಿ ಲಕ್ಷ್ಮಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. "ಏನಮ್ಮಾ ಇದ್ದಕ್ಕಿದ್ದಂಗೆ?" ಎಂದು ಭಾಗ್ಯಲಕ್ಷ್ಮಿ ಗಾಬರಿಯಾದಳು. ಹಿತ್ತಲಿಗೆ ಕರೆದರೆ ಮತ್ತೆ ಮುಚ್ಚಿಟ್ಟಂತೆಯೇ ಎಂದು ಸಣ್ಣಕ್ಕನಿಗೆ ಆ ಗಳಿಗೆಯಲ್ಲಿ ಅನ್ನಿಸಿತು. ನಿಂತಲ್ಲಿಯೇ ಎಲ್ಲವನ್ನೂ ಹೇಳಿದಳು. ಮುನುಸ್ವಾಮಿಯ ವಿಷಯ, ಚೀಟಿಯ ವಿಷಯ, ಧನಪಾಲನ ಇಂಜೆಕ್ಷನ್ನು, ಮೊಮ್ಮಗನನ್ನು ತೋರಿಸಬೇಕೆಂದು ಡಾಕ್ಟರು ಹೇಳಿದ್ದು. ಅಳಿಯನ ಮುಂದೆ ಯಾವ ತಾಯಿಯೂ ಆಡದ ಮಾತುಗಳು.

ಲಕ್ಷ್ಮಮ್ಮ ಅವರೆಕಾಯಿಯ ಮೊರ ಎತ್ತಿಕೊಂಡು ಒಳಗೆ ಹೋದಳು. ಶರವಣಕುಮಾರ್ ತಟ್ಟೆ ನೋಡುತ್ತ ಕೂತಿದ್ದವನು ಕೊನೆಗೆ, "ತೋರಿಸಿದರಾಯ್ತು ಬಿಡಿ ಅತ್ತೆ," ಎಂದು ಕೈ ತೊಳೆಯಲು ಎದ್ದ.

ಭಾಗ್ಯಲಕ್ಷ್ಮಿ ಬಸ್‌ ಸ್ಟಾಪಿನವರೆಗೆ ಬಂದಳು. ಬಸ್ಸು ಕಾಣಿಸಿದಾಗ ಹೇಳಿದಳು:

"ನನ್ ಮದ್ವೆಗೋಸ್ಕರ ಇಂಗ್ಮಾಡ್ದೆ ಅಂತ ಇನ್ಮೇಲೆ ಯಾರತ್ರಾನೂ ಏಳ್ಬೇಡಮ್ಮ. ನಾನು ನಿನ್ನ ಕೇಳಿರ್ಲಿಲ್ಲ. ತಮ್ಮ ಕಳ್ಕೊಂಡ ಅಷ್ಟು ವರ್ಷಾನ ನನ್ ತಲೇ ಮ್ಯಾಲೆ ಆಕ್ಬೇಡ."

ಸಣ್ಣಕ್ಕ ಆಯಿತು ಎಂದು ತಲೆಯಾಡಿಸಿ ಬಸ್ಸು ಹತ್ತಿದಳು. ಕೂತ ಮೇಲೆ ಕಿಟಕಿಯಿಂದ ಮಗಳ ಕಡೆ ನೋಡಲು ಧೈರ್ಯ ಬರಲಿಲ್ಲ.

ಅದಾದ ಮೇಲೆ ಧನಪಾಲ ತಾಯಿಯೊಡನೆ ಅಷ್ಟಾಗಿ ಮಾತಾಡಲಿಲ್ಲ. ಡಾಕ್ಟರಿಗೆ ತೋರಿಸಲು ಸೇಲಂಗೆ ಒಬ್ಬನೇ ಹೋಗಿಬರತೊಡಗಿದ. ಜೊತೆಗೆ ಬರಲೇ ಎಂದು ಅವಳೂ ಕೇಳಲಿಲ್ಲ. ಒಂದು ಸಂಜೆ ಕುರಿಗಳನ್ನು ರೊಪ್ಪಕ್ಕೆ ಕೂಡಿ ನಾರಪ್ಪ ಒಳಗೆ ಬಂದಾಗ ಅವಳು ಗಂಡನಿಗೂ ಎಲ್ಲ ಹೇಳಿದಳು. ನಾರಪ್ಪ ಕೇಳಿಸಿಕೊಂಡು, "ನಂಗೂ ಕಣ್ಣಿತ್ತಲ್ಲ," ಎಂದು ಗೋಡೆಯ ಕಡೆ ಮುಖ ಮಾಡಿ ಕೂತ.

ಮಗಳ ಮನೆಯಿಂದ ಸುದ್ದಿ ಬರಲು ಒಂದು ತಿಂಗಳಾಯಿತು. ಭಾಗ್ಯಲಕ್ಷ್ಮಿ ಫೋನು ಮಾಡಿದ್ದು ತಮ್ಮನಿಗೆ, ತಾಯಿಗಲ್ಲ. ಊಟಕ್ಕೆ ಕೂತಾಗ ಧನಪಾಲ, ಹೊರಗಿನವರ ಸುದ್ದಿಯೇನೋ ಎಂಬಂತೆ ಹೇಳಿದ:

"ಅಕ್ಕನ ಮಗಂಗೆ ಏನೂ ಇಲ್ವಂತೆ. ಎಲ್ಲಾ ಸರಿಯಾಗೈತೆ ಅಂದ್ರಂತೆ. ಎರಡು ವರ್ಷ ಬಿಟ್ಟು ಇನ್ನೊಂದ್ಸಲ ನೋಡ್ತಾರಂತೆ."

"ಒಳ್ಳೇದಾಯ್ತು," ಎಂದಳು ಸಣ್ಣಕ್ಕ. ಕೇಳದೆಯೇ ಅವನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು. ಅವನು ಬೇಡ ಎನ್ನಲಿಲ್ಲ. ಮುಖ ಎತ್ತಿ ನೋಡಲೂ ಇಲ್ಲ.